ಎಬಿಎಸ್ ದೀಪ ಆರದಿದ್ದಾಗ: ಚಕ್ರದ ತುದಿಯಿಂದ ದೋಷ ಹುಡುಕುವ ಕ್ರಮ

ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ತಿರುಗುವುದು ನಿಂತು ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆಯೇ ಎಬಿಎಸ್. ಕಾರಿನ ಕೀಲಿ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಬಿಎಸ್ ದೀಪ ಹೊತ್ತಿಕೊಂಡು, ಕೆಲವೇ ಸೆಕೆಂಡುಗಳಲ್ಲಿ ತಾನಾಗಿಯೇ ಆರಬೇಕು. ಅದು ಆರದೆ ಉಳಿದರೆ, ಅಥವಾ ಕಾರು ಓಡುತ್ತಿರುವಾಗ ಮಧ್ಯದಲ್ಲಿ ಹೊತ್ತಿಕೊಂಡರೆ, ಅದನ್ನು ನಡೆಸುವ ಕಂಪ್ಯೂಟರ್, ಅಂದರೆ ಕಂಟ್ರೋಲ್ ಯೂನಿಟ್, ತನಗೆ ಬರುತ್ತಿರುವ ಯಾವುದೋ ಸಂಕೇತವನ್ನು ನಂಬಲಾರದೆ ಎಬಿಎಸ್ ಕೆಲಸವನ್ನು ನಿಲ್ಲಿಸಿದೆ ಎಂದು ತಿಳಿಯಬೇಕು. ಕೀಲಿ ತಿರುಗಿಸಿದಾಗ ದೀಪ ಒಮ್ಮೆಯೂ ಹೊತ್ತಿಕೊಳ್ಳದಿದ್ದರೆ ಅದೂ ದೋಷವೇ. ಹಳೆಯ ಕಾರು ಕೊಳ್ಳುವವರು ಇದನ್ನು ತಪ್ಪದೆ ಗಮನಿಸಬೇಕು, ಏಕೆಂದರೆ ದೋಷವನ್ನು ಸರಿಪಡಿಸುವ ಬದಲು ದೀಪವನ್ನೇ ಕಿತ್ತು ಮಾರುವವರೂ ಇದ್ದಾರೆ.

ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಲ್ಲಿ ಎಬಿಎಸ್ ಕಡ್ಡಾಯವಾಗಿರುವುದರಿಂದ, ಈಗ ಸಣ್ಣ ಊರಿನ ಗ್ಯಾರೇಜಿಗೂ ಇಂಥ ದೂರುಗಳು ಬರುತ್ತಿವೆ. ಯೂನಿಟ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ, ಅದು ತೋರಿಸಿದ ಸೆನ್ಸರನ್ನು ಬದಲಾಯಿಸಿ, ದೀಪ ಮತ್ತೆ ಹೊತ್ತಿದರೆ ಯೂನಿಟ್ಟೇ ಹೋಗಿದೆ ಎಂದು ದೊಡ್ಡ ಮೊತ್ತ ಹೇಳುವುದು ರೂಢಿಯಾಗಿದೆ. ಇದು ತಪ್ಪು ಕ್ರಮ. ಸ್ಕ್ಯಾನರ್ ತೋರಿಸುವ ಕೋಡ್ ಒಂದು ಬಿಡಿಭಾಗದ ಹೆಸರಲ್ಲ, ಒಂದು ಸರ್ಕ್ಯೂಟಿನ ಹೆಸರು. ಆ ಸರ್ಕ್ಯೂಟಿನಲ್ಲಿ ಚಕ್ರದ ಜೊತೆ ತಿರುಗುವ ಉಂಗುರ, ಉಂಗುರಕ್ಕೂ ಸೆನ್ಸರಿಗೂ ನಡುವಿನ ಸಂದು, ಸೆನ್ಸರ್, ಅದರ ವೈರು, ವೈರುಗಳನ್ನು ಜೋಡಿಸುವ ಕಪ್ಲರ್, ಕೊನೆಗೆ ಯೂನಿಟ್, ಇಷ್ಟೂ ಸೇರಿವೆ. ನಾನು ನೋಡಿದ ದೋಷಗಳಲ್ಲಿ ಹೆಚ್ಚಿನವು ಚಕ್ರದಿಂದ ಒಂದು ಮೊಳದೊಳಗೇ ಸಿಕ್ಕಿವೆ. ಆದ್ದರಿಂದ ಹುಡುಕಾಟ ಚಕ್ರದ ತುದಿಯಿಂದ ಹೊರಡಬೇಕು, ಮತ್ತು ಪ್ರತಿ ಹಂತದಲ್ಲೂ ಅಳತೆ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಹಂತಕ್ಕೆ ಹೋಗಬೇಕು.

ಒಂದು ದೀಪವೋ, ಎರಡೋ?

ಹಳದಿ ದೀಪವೊಂದೇ ಹೊತ್ತಿದ್ದರೆ ಮಾಮೂಲಿ ಬ್ರೇಕ್ ಎಂದಿನಂತೆಯೇ ಹಿಡಿಯುತ್ತದೆ. ಗಟ್ಟಿಯಾಗಿ ಒತ್ತಿದಾಗ ಚಕ್ರಗಳು ಕಚ್ಚಿಕೊಳ್ಳದಂತೆ ತಡೆಯುವ ನೆರವು ಮಾತ್ರ ಇರುವುದಿಲ್ಲ. ಅಂತರ ಕಾಯ್ದುಕೊಂಡು ನಿಧಾನವಾಗಿ ಗ್ಯಾರೇಜಿನವರೆಗೆ ಹೋಗಬಹುದು.

ಹಳದಿಯ ಜೊತೆಗೆ ಕೆಂಪು ಬ್ರೇಕ್ ದೀಪವೂ ಹೊತ್ತಿದ್ದರೆ ಮಾತು ಬೇರೆ. ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯೇ, ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಕಡಿಮೆಯಾಗಿದೆಯೇ ಎಂದು ನೋಡಬೇಕು. ಇವೆರಡೂ ಸರಿಯಿದ್ದರೆ ಎಬಿಎಸ್ ಜೊತೆಗೆ ಇಬಿಡಿ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಬ್ರೇಕ್ ಒತ್ತಡವನ್ನು ಹಂಚುವ ವ್ಯವಸ್ಥೆಯೂ ನಿಂತಿದೆ ಎಂದು ಭಾವಿಸಬೇಕಾಗುತ್ತದೆ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲಿ ಹಿಂಬದಿ ಹಗುರವಾಗುವುದರಿಂದ, ಈ ಹಂಚಿಕೆ ಇಲ್ಲದಿದ್ದರೆ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಕಾರು ಅಡ್ಡ ತಿರುಗುವ ಅಪಾಯವಿದೆ. ಎರಡೂ ದೀಪ ಹೊತ್ತಿರುವ ಕಾರನ್ನು ಮಳೆಗಾಲದಲ್ಲಿ ಆಗುಂಬೆಯಂಥ ಘಾಟಿ ಇಳಿಸುವುದು ಬೇಡ. ಇದ್ದಲ್ಲಿಗೇ ಮೆಕ್ಯಾನಿಕ್‌ನನ್ನು ಕರೆಸುವುದು ಅಥವಾ ಕಾರನ್ನು ಎಳೆಸಿಕೊಂಡು ಹೋಗುವುದು ಲೇಸು.

ವ್ಯವಸ್ಥೆ ಯೋಚಿಸುವ ಬಗೆ

1978ರಲ್ಲಿ ಬಾಷ್ ಕಂಪನಿಯ ವಿದ್ಯುನ್ಮಾನ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿಗೆ ಬಂದಂದಿನಿಂದ ಬಿಡಿಭಾಗಗಳು ಬಹಳ ಚಿಕ್ಕದಾಗಿವೆ, ಆದರೆ ಮೂಲ ತತ್ವ ಬದಲಾಗಿಲ್ಲ. ಪ್ರತಿ ಚಕ್ರದ ಬಳಿ ಒಂದು ವೇಗ ಸೆನ್ಸರ್ ಇರುತ್ತದೆ. ಅದರ ಎದುರಿಗೆ ಚಕ್ರದ ಜೊತೆ ತಿರುಗುವ ಒಂದು ಉಂಗುರವಿರುತ್ತದೆ: ಕೆಲವು ಕಾರುಗಳಲ್ಲಿ ಹಲ್ಲುಗಳಿರುವ ಕಬ್ಬಿಣದ ಟೋನ್ ರಿಂಗ್, ಇನ್ನು ಕೆಲವುಗಳಲ್ಲಿ ಬೇರಿಂಗಿನ ಸೀಲಿನಲ್ಲೇ ಅಡಗಿರುವ ಆಯಸ್ಕಾಂತದ ಪಟ್ಟಿ. ಉಂಗುರದಲ್ಲಿ 48 ಹಲ್ಲುಗಳಿವೆ, ಟೈರಿನ ಸುತ್ತಳತೆ 1.95 ಮೀಟರ್ ಇದೆ ಎಂದಿಟ್ಟುಕೊಂಡರೆ, ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಐದು ಸುತ್ತಿಗಿಂತ ತುಸು ಹೆಚ್ಚು ತಿರುಗಿ, ಸುಮಾರು 246 ಮಿಡಿತಗಳನ್ನು ಯೂನಿಟ್ಟಿಗೆ ಕಳುಹಿಸುತ್ತದೆ. ಮಿಡಿತಗಳ ನಡುವಿನ ಕಾಲವನ್ನು ಅಳೆದು ಯೂನಿಟ್ ಆ ಚಕ್ರದ ವೇಗವನ್ನು ಲೆಕ್ಕ ಹಾಕುತ್ತದೆ.

ದೋಷ ಹುಡುಕುವವನು ನೆನಪಿಡಬೇಕಾದ ಸಂಗತಿಯೊಂದು ಇಲ್ಲಿದೆ. ಕಾರು ನೆಲದ ಮೇಲೆ ನಿಜವಾಗಿ ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬುದು ಯೂನಿಟ್ಟಿಗೆ ನೇರವಾಗಿ ಗೊತ್ತಿಲ್ಲ. ನಾಲ್ಕು ಚಕ್ರಗಳ ವೇಗವನ್ನು ಒಟ್ಟಿಗಿಟ್ಟು ನೋಡಿ ಅದು ಕಾರಿನ ವೇಗವನ್ನು ಅಂದಾಜು ಮಾಡುತ್ತದೆ. ಬ್ರೇಕ್ ಒತ್ತಿದಾಗ ಯಾವುದಾದರೊಂದು ಚಕ್ರದ ವೇಗ ಈ ಅಂದಾಜಿಗಿಂತ ತೀರಾ ಕೆಳಗಿಳಿದರೆ, ಆ ಚಕ್ರ ಕಚ್ಚಿಕೊಳ್ಳುತ್ತಿದೆ ಎಂದು ತೀರ್ಮಾನಿಸುತ್ತದೆ. ಡಾಂಬರು ರಸ್ತೆಯಲ್ಲಿ ಚಕ್ರದ ವೇಗ ಕಾರಿನ ವೇಗಕ್ಕಿಂತ ಶೇಕಡಾ 10ರಿಂದ 30ರಷ್ಟು ಕಡಿಮೆಯಿರುವಾಗ ಟೈರಿನ ಹಿಡಿತ ಅತಿ ಹೆಚ್ಚು. ಪೂರ್ತಿ ಕಚ್ಚಿಕೊಂಡ ಚಕ್ರ ಜಾರುತ್ತದೆ, ಮುಂದಿನ ಚಕ್ರಗಳು ಹಾಗೆ ಜಾರಿದರೆ ಸ್ಟೀರಿಂಗ್ ತಿರುಗಿಸಿಯೂ ಪ್ರಯೋಜನವಿಲ್ಲ. ಹಾಗಾಗದಂತೆ ತಡೆಯಲು ಪ್ರತಿ ಚಕ್ರಕ್ಕೂ ಎರಡೆರಡು ವಾಲ್ವುಗಳಿವೆ. ಒಳಬರುವ ವಾಲ್ವು ಮುಚ್ಚಿಕೊಂಡರೆ ಒತ್ತಡ ಇದ್ದಷ್ಟೇ ನಿಲ್ಲುತ್ತದೆ. ಅದು ಸಾಲದಿದ್ದರೆ ಹೊರಹೋಗುವ ವಾಲ್ವು ತೆರೆದು ಒತ್ತಡ ಇಳಿಯುತ್ತದೆ. ಚಕ್ರ ಮತ್ತೆ ತಿರುಗತೊಡಗಿದಾಗ ಒತ್ತಡ ಏರುತ್ತದೆ. ಈ ಸುತ್ತು ಸೆಕೆಂಡಿಗೆ ಹಲವು ಬಾರಿ ನಡೆಯುತ್ತದೆ. ಇಳಿದುಬಂದ ಆಯಿಲನ್ನು ಪಂಪು ಹಿಂದಕ್ಕೆ ತಳ್ಳುವಾಗಿನ ಗುದ್ದೇ ನಮ್ಮ ಪಾದಕ್ಕೆ ಅದುರುವಂತೆ ತಿಳಿಯುವುದು.

ಅಂದರೆ ಚಕ್ರ ಚೆನ್ನಾಗಿಯೇ ತಿರುಗುತ್ತಿದ್ದು, ಅದರ ಸಂಕೇತ ಮಾತ್ರ ಸುಳ್ಳು ಹೇಳಿದರೂ ಯೂನಿಟ್ ಅದನ್ನು ಕಚ್ಚಿಕೊಂಡ ಚಕ್ರವೆಂದೇ ನಂಬುತ್ತದೆ.

ಪೆಡಲ್ ಅದುರಿದಾಗ

ಪೆಡಲ್ ಅದುರುತ್ತದೆ ಎಂಬ ದೂರಿನ ಹಿಂದೆ ಮೂರು ಬೇರೆ ಬೇರೆ ಕಾರಣಗಳಿರಬಹುದು, ಇವನ್ನು ಬೆರೆಸಿಕೊಂಡರೆ ಹಣ ನೀರಿನಂತೆ ಹೋಗುತ್ತದೆ. ಒದ್ದೆ ರಸ್ತೆಯಲ್ಲೋ ಜಲ್ಲಿಯ ಮೇಲೋ ಜೋರಾಗಿ ಬ್ರೇಕ್ ಒತ್ತಿದಾಗ ಗರಗರ ಸದ್ದಿನೊಂದಿಗೆ ಪೆಡಲ್ ಅದುರಿದರೆ ಅದು ದೋಷವೇ ಅಲ್ಲ, ಎಬಿಎಸ್ ತನ್ನ ಕೆಲಸ ಮಾಡುತ್ತಿದೆ. ಆಗ ಕಾಲು ತೆಗೆಯದೆ ಒತ್ತಿ ಹಿಡಿದಿರಬೇಕು. ಹೆದ್ದಾರಿಯ ವೇಗದಲ್ಲಿ ಹಗುರವಾಗಿ ಬ್ರೇಕ್ ಹಾಕಿದಾಗಲೂ ಪ್ರತಿಸಲ ಪೆಡಲ್ ಮಿಡಿದು, ಜೊತೆಗೆ ಸ್ಟೀರಿಂಗೂ ನಡುಗಿದರೆ ಡಿಸ್ಕಿನ ದಪ್ಪ ಒಂದೇ ಸಮವಿಲ್ಲ ಅಥವಾ ಡಿಸ್ಕ್ ಓರೆಯಾಗಿ ತಿರುಗುತ್ತಿದೆ. ಇದಕ್ಕೂ ಎಬಿಎಸ್‌ಗೂ ಸಂಬಂಧವಿಲ್ಲ.

ಮೂರನೆಯದು ಕಷ್ಟದ್ದು. ಕಾರು ಇನ್ನೇನು ನಿಲ್ಲಬೇಕು ಎನ್ನುವಾಗ, ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಒಣ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದರೂ ಎಬಿಎಸ್ ಗರಗುಟ್ಟುತ್ತದೆ, ಕಾರು ಅರ್ಧ ಮಾರು ಮುಂದಕ್ಕೆ ಜಾರಿದಂತಾಗುತ್ತದೆ. ಎಷ್ಟೋ ಸಲ ಹಳದಿ ದೀಪವೂ ಹೊತ್ತಿರುವುದಿಲ್ಲ, ಕೋಡೂ ಇರುವುದಿಲ್ಲ. ಕರಾವಳಿಯ ಕಡೆಯಿಂದ ಬಂದ ಒಂದು ಸಣ್ಣ ಕಾರಿನಲ್ಲಿ ಹೀಗೇ ಆಗಿತ್ತು. ಹಂಪ್ಸ್ ಬಂದಾಗಲೆಲ್ಲ ಬ್ರೇಕ್ ಬಿಟ್ಟುಕೊಡುತ್ತದೆ ಎಂದು ಹೆದರಿದ ಮಾಲೀಕರು ಬೇರೆಡೆ ಎರಡು ಸಲ ಪ್ಯಾಡ್ ಹಾಕಿಸಿ, ಡಿಸ್ಕ್ ಸಾಣೆ ಹಿಡಿಸಿ, ಕೊನೆಗೆ ಮಾಸ್ಟರ್ ಸಿಲಿಂಡರನ್ನೂ ಬದಲಾಯಿಸಿಕೊಂಡು ಬಂದಿದ್ದರು.

ಇಲ್ಲಿ ಮೊದಲ ಪರೀಕ್ಷೆಗೆ ಕಾಸು ಬೇಕಿಲ್ಲ. ಜನಸಂಚಾರವಿಲ್ಲದ ಸಮತಟ್ಟಾದ ಜಾಗದಲ್ಲಿ ಎಬಿಎಸ್‌ನ ಫ್ಯೂಸ್ ತೆಗೆದು, ಗಂಟೆಗೆ 20 ಕಿಲೋಮೀಟರ್ ಮೀರದಂತೆ ಓಡಿಸಿ ಅದೇ ರೀತಿ ನಿಲ್ಲಿಸಬೇಕು. ಅದುರುವುದು ನಿಂತುಹೋದರೆ ಎಬಿಎಸ್ ಅಕಾಲದಲ್ಲಿ ಕೆಲಸ ಮಾಡುತ್ತಿದೆ ಎಂದು ಸಿದ್ಧವಾಯಿತು; ಮುಂದುವರಿದರೆ ಡಿಸ್ಕಿನ ಕಡೆ ನೋಡಬೇಕು. ಫ್ಯೂಸ್ ಇಲ್ಲದಿರುವಾಗ ಇಬಿಡಿಯೂ ಇರುವುದಿಲ್ಲವಾದ್ದರಿಂದ ಪರೀಕ್ಷೆ ಮುಗಿದ ಕೂಡಲೇ ಅದನ್ನು ಹಾಕಿಬಿಡಬೇಕು.

ಎರಡನೆಯ ಪರೀಕ್ಷೆಗೆ ಎಬಿಎಸ್ ದತ್ತಾಂಶವನ್ನು ಓಡುತ್ತಿರುವಾಗಲೇ ತೋರಿಸುವ ಸ್ಕ್ಯಾನರ್ ಬೇಕು. ನಾಲ್ಕೂ ಚಕ್ರಗಳ ವೇಗವನ್ನು ಒಂದೇ ಪರದೆಯಲ್ಲಿ ರೇಖೆಗಳಾಗಿ ಇಟ್ಟು, ಇನ್ನೊಬ್ಬರು ಕಾರು ಓಡಿಸುತ್ತಿರುವಾಗ ನೋಡಬೇಕು. ನೇರ ರಸ್ತೆಯಲ್ಲಿ ನಾಲ್ಕೂ ರೇಖೆಗಳು ಒಂದರ ಮೇಲೊಂದು ಕೂರಬೇಕು. ನಿಧಾನವಾಗುತ್ತಾ ಬಂದಂತೆ ಒಂದು ರೇಖೆ ಮಾತ್ರ, ಉಳಿದವು ಇನ್ನೂ ಎಂಟು ಒಂಬತ್ತರಲ್ಲಿರುವಾಗಲೇ, ದಿಢೀರನೆ ಸೊನ್ನೆಗೆ ಬಿದ್ದರೆ ಆ ಚಕ್ರದ ಸಂಕೇತ ದುರ್ಬಲವಾಗಿದೆ. ಹಳೆಯ ಬಗೆಯ ಸುರುಳಿ ಸೆನ್ಸರಿನ ಸಂಕೇತ ವೇಗ ಇಳಿದಂತೆ ತಾನೂ ಕುಗ್ಗುತ್ತದೆ. ಸೆನ್ಸರಿನ ಬುಡದಲ್ಲಿ ತುಕ್ಕು ಬೆಳೆದು ಅದನ್ನು ಒಂದಿಷ್ಟು ಮೇಲಕ್ಕೆತ್ತಿದ್ದರೆ ಸಂದು ಹೆಚ್ಚಾಗಿ, ಆ ಕುಗ್ಗಿದ ಸಂಕೇತ ಇನ್ನೂ ಬೇಗ ಮಾಯವಾಗುತ್ತದೆ. ರೇಖೆ ಸೊನ್ನೆಗೆ ಬೀಳದೆ, ಚಕ್ರ ಒಂದು ಸುತ್ತು ಬಂದಾಗಲೆಲ್ಲ ಒಂದು ಕಚ್ಚು, ಅಂದರೆ ಕ್ಷಣಕಾಲದ ಇಳಿತ, ತೋರಿಸಿದರೆ ಉಂಗುರ ಬಿರಿದಿದೆ ಅಥವಾ ಅದರ ಹಲ್ಲು ಮುರಿದಿದೆ. ಮೇಲೆ ಹೇಳಿದ ಲೆಕ್ಕದ ಪ್ರಕಾರ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಆ ಕಚ್ಚು 1.4 ಸೆಕೆಂಡಿಗೊಮ್ಮೆ ಕಾಣಬೇಕು. ವೇಗ ಹೆಚ್ಚಿದರೆ ಸಾಮಾನ್ಯ ಸ್ಕ್ಯಾನರಿನ ಪರದೆ ಅಷ್ಟು ಬೇಗ ಬದಲಾಗದೆ ಕಚ್ಚು ತಪ್ಪಿಹೋಗುವುದರಿಂದ, ನಡಿಗೆಯ ವೇಗದಲ್ಲೇ ನೋಡುವುದು ಒಳ್ಳೆಯದು.

ಆ ಕರಾವಳಿಯ ಕಾರಿನಲ್ಲಿ ಮುಂದಿನ ಬಲ ಚಕ್ರದ ರೇಖೆ ಸುತ್ತಿಗೊಂದು ಕಚ್ಚು ತೋರಿಸಿತು. ಚಕ್ರ ಬಿಚ್ಚಿ, ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟಿನ ಮೇಲೆ ಬಿಗಿಯಾಗಿ ಕೂರಿಸಿದ್ದ ಟೋನ್ ರಿಂಗನ್ನು ತಂತಿಯ ಬ್ರಷ್‌ನಿಂದ ಉಜ್ಜಿ ಸುತ್ತಲೂ ನೋಡಿದಾಗ, ಎರಡು ಹಲ್ಲುಗಳ ನಡುವೆ ಕೂದಲೆಳೆಗಿಂತ ಸ್ವಲ್ಪ ಅಗಲದ ಬಿರುಕು ಕಂಡಿತು. ಉಪ್ಪುಗಾಳಿಗೆ ಶಾಫ್ಟ್ ತುಕ್ಕು ಹಿಡಿದು ಉಬ್ಬಿ, ಮೇಲಿನ ಉಂಗುರವನ್ನು ಒಳಗಿನಿಂದಲೇ ಸೀಳಿತ್ತು. ಬಿರುಕು ಬಂದ ಕಡೆ ಎರಡು ಹಲ್ಲುಗಳ ನಡುವಿನ ದೂರ ಹೆಚ್ಚಾದ್ದರಿಂದ, ಯೂನಿಟ್ಟಿನ ಲೆಕ್ಕದಲ್ಲಿ ಚಕ್ರ ಆ ಕ್ಷಣಕ್ಕೆ ನಿಧಾನವಾದಂತೆ ತೋರುತ್ತಿತ್ತು, ಅಷ್ಟೇ. ಹಳೆಯ ಉಂಗುರ ತೆಗೆದು, ತುಕ್ಕನ್ನು ಪೂರ್ತಿ ಕೆರೆದು, ಅಷ್ಟೇ ಹಲ್ಲುಗಳಿರುವ ಹೊಸ ಉಂಗುರ ಕೂರಿಸಿದ ಮೇಲೆ ದೂರು ಮುಗಿಯಿತು. ಹಲ್ಲುಗಳನ್ನು ಎಣಿಸಿಯೇ ಕೊಳ್ಳಬೇಕು. ನೋಡಲು ಒಂದೇ ಥರ ಕಾಣುವ ಉಂಗುರದಲ್ಲಿ ಒಂದು ಹಲ್ಲು ಹೆಚ್ಚು ಕಡಿಮೆಯಾದರೂ ಆ ಚಕ್ರ ಸದಾ ಬೇರೆ ವೇಗ ತೋರಿಸುತ್ತಿರುತ್ತದೆ.

ಕೋಡ್ ಓದಿ, ಚಕ್ರದ ಬಳಿಗೆ

ದೀಪ ಹೊತ್ತಿರುವ ಕಾರಿನಲ್ಲಿ ಕೆಲಸ ಕೋಡಿನಿಂದ ಆರಂಭವಾಗುತ್ತದೆ. ಮೊಬೈಲಿಗೆ ಜೋಡಿಸುವ ಅಗ್ಗದ ರೀಡರುಗಳಲ್ಲಿ ಹೆಚ್ಚಿನವು ಪಿ ಅಕ್ಷರದಿಂದ ಶುರುವಾಗುವ ಎಂಜಿನ್ ಕೋಡುಗಳನ್ನಷ್ಟೇ ಓದುತ್ತವೆ. ಎಬಿಎಸ್ ಕೋಡುಗಳು ಸಿ ಅಕ್ಷರದಿಂದ ಶುರುವಾಗುತ್ತವೆ, ಅವನ್ನು ಓದಬಲ್ಲ ಸ್ಕ್ಯಾನರೇ ಬೇಕು. ಹಲವು ಕಾರುಗಳಲ್ಲಿ ಸಿ 0035 ಮುಂದಿನ ಎಡ, ಸಿ 0040 ಮುಂದಿನ ಬಲ, ಸಿ 0045 ಹಿಂದಿನ ಎಡ, ಸಿ 0050 ಹಿಂದಿನ ಬಲ ಚಕ್ರದ ಸರ್ಕ್ಯೂಟನ್ನು ಸೂಚಿಸುತ್ತವೆ. ಆದರೆ ಕೆಲವು ತಯಾರಕರು ತಮ್ಮದೇ ಸಂಖ್ಯೆಗಳನ್ನು ಬಳಸುವುದರಿಂದ ಆಯಾ ಕಾರಿನ ಸರ್ವಿಸ್ ಪುಸ್ತಕವನ್ನು ನೋಡಿಕೊಳ್ಳಬೇಕು. ಕೋಡುಗಳನ್ನು ಅಳಿಸುವ ಮುನ್ನ ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅವಸರದಲ್ಲಿ ಅಳಿಸಿದ ಕೋಡ್ ಮತ್ತೆ ಬರಲು ಒಂದು ವಾರ ಹಿಡಿಯಬಹುದು, ಅಷ್ಟರಲ್ಲಿ ಕಾರು ಇನ್ನೊಂದು ಗ್ಯಾರೇಜಿನಲ್ಲಿರುತ್ತದೆ.

ಆಮೇಲೆ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಅಡೆ ಕೊಟ್ಟು, ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರಿಯ ಜಾಕನ್ನು ನಂಬಿ ಕೆಳಗೆ ಹೋಗುವುದು ಬೇಡ. ಬೆರಳುಗಳಿಂದ ತಡವುತ್ತಾ ಸೆನ್ಸರಿನ ವೈರನ್ನು ಚಕ್ರದಿಂದ ಕಪ್ಲರಿನವರೆಗೆ ಅನುಸರಿಸಿಕೊಂಡು ಹೋಗಬೇಕು. ಸ್ಟೀರಿಂಗ್ ತಿರುಗಿದಾಗ ವೈರು ಬಾಗುವ ಜಾಗದಲ್ಲಿ ಹೊರಗಿನ ರಬ್ಬರ್ ಸರಿಯಿದ್ದೂ ಒಳಗಿನ ತಾಮ್ರ ತುಂಡಾಗಿರಬಹುದು. ಕ್ಲಿಪ್ ಕಳಚಿದ್ದರೆ ವೈರು ಟೈರಿಗೋ ಡ್ರೈವ್ ಶಾಫ್ಟಿಗೋ ತಾಗಿ ಸವೆದಿರುತ್ತದೆ. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಅಪಾರ್ಟ್‌ಮೆಂಟಿನವರಿಗೆ ಇಲಿಯ ಕಾಟ ಹೊಸದಲ್ಲ. ವೈರು ಕಡಿದಿದ್ದರೆ ಗುರುತು ಸ್ಪಷ್ಟವಾಗಿಯೇ ಕಾಣುತ್ತದೆ. ಹೀಗೆ ತುಂಡಾದ ವೈರನ್ನು ಸುತ್ತಿ ಟೇಪ್ ಹಾಕಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ. ಬೆಸುಗೆ ಹಾಕಿ, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆಯಿಂದ ನೀರು ಹೋಗದಂತೆ ಮುಚ್ಚಬೇಕು. ಬಾಗುವ ಜಾಗದಲ್ಲಾದರೆ ಪೂರ್ತಿ ಹೊಸ ಸೆನ್ಸರನ್ನೇ ಹಾಕಬೇಕು.

ಕಪ್ಲರ್ ಬಿಚ್ಚಿ ಪಿನ್ನುಗಳ ಮೇಲೆ ಹಸಿರು ಕಿಲುಬು ಇದೆಯೇ ಎಂದು ನೋಡಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಬೇರಿಂಗ್ ಸಡಿಲಾಗಿದ್ದರೆ ಸಂದು ಪ್ರತಿ ತಿರುವಿನಲ್ಲೂ ಬದಲಾಗುತ್ತಿರುತ್ತದೆ, ದೀಪ ತಿರುವುಗಳಲ್ಲಿ ಮಾತ್ರ ಹೊತ್ತಿಕೊಳ್ಳುತ್ತದೆ. ಸೆನ್ಸರಿನ ತುದಿಗೆ ಬ್ರೇಕ್ ಡಿಸ್ಕಿನ ಕಬ್ಬಿಣದ ಪುಡಿ ಅಂಟಿದ್ದರೆ ಬಟ್ಟೆಯಿಂದ ಒರೆಸಿದರೆ ಸಾಕು. ಆದರೆ ತುಕ್ಕು ಹಿಡಿದ ತೂತಿನಲ್ಲಿ ಕಚ್ಚಿಕೊಂಡ ಪ್ಲಾಸ್ಟಿಕ್ ಸೆನ್ಸರನ್ನು ಬಲವಾಗಿ ತಿರುಚಿದರೆ ತಲೆ ಕೈಗೆ ಬಂದು ಬುಡ ಒಳಗೇ ಉಳಿಯುತ್ತದೆ, ಹಾಗಾಗಿ ಅಳತೆ ಮುಗಿಯುವವರೆಗೆ ಅದನ್ನು ಕೀಳಲು ಹೋಗದಿರುವುದೇ ಜಾಣತನ.

ಮಲ್ಟಿಮೀಟರಿನ ಕೆಲಸ

ಅಳೆಯುವ ಮುನ್ನ ಸೆನ್ಸರ್ ಯಾವ ಬಗೆಯದೆಂದು ತಿಳಿದಿರಬೇಕು, ಏಕೆಂದರೆ ಎರಡಕ್ಕೂ ಎರಡೇ ವೈರುಗಳಿದ್ದು ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಹಳೆಯ ಬಗೆಯದು ಆಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ. ಕಪ್ಲರ್ ಬಿಚ್ಚಿ ಎರಡು ಪಿನ್ನುಗಳ ನಡುವೆ ಅಳೆದರೆ ಸಾಮಾನ್ಯವಾಗಿ 800ರಿಂದ 2000 ಓಮ್‌ಗಳ ಒಳಗೆ ಬರುತ್ತದೆ. ಪುಸ್ತಕ ಸಿಗದಿದ್ದರೆ ಎದುರು ಬದಿಯ ಚಕ್ರದ ಸೆನ್ಸರನ್ನೂ ಅಳೆದು ಹೋಲಿಸಬಹುದು. ಮೀಟರ್ ಏನೂ ತೋರಿಸದಿದ್ದರೆ ಸುರುಳಿಯೋ ವೈರೋ ತುಂಡಾಗಿದೆ. ವೈರನ್ನು ಬಾಗಿಸುತ್ತಾ ಅಳೆದಾಗ ಅಂಕಿ ಜಿಗಿದರೆ ಒಳಗೆ ಅರ್ಧ ತುಂಡಾಗಿದೆ. ಪಿನ್ನಿಗೂ ಕಾರಿನ ಬಾಡಿಗೂ ನಡುವೆ ಸಂಪರ್ಕವೇ ಇರಬಾರದು. ನಂತರ ಮೀಟರನ್ನು ಎಸಿ ಮಿಲಿವೋಲ್ಟಿಗಿಟ್ಟು ಚಕ್ರವನ್ನು ಕೈಯಿಂದ ಸೆಕೆಂಡಿಗೊಂದು ಸುತ್ತಿನಂತೆ ತಿರುಗಿಸಿದರೆ ಅಂಕಿ ಏರಬೇಕು, ಜೋರಾಗಿ ತಿರುಗಿಸಿದಷ್ಟೂ ಹೆಚ್ಚಬೇಕು. ಓಮ್ ಸರಿಯಿದ್ದು ವೋಲ್ಟ್ ಮಾತ್ರ ಎದುರು ಬದಿಗಿಂತ ತೀರಾ ಕಡಿಮೆಯಿದ್ದರೆ ಸೆನ್ಸರಿನದು ತಪ್ಪಲ್ಲ. ಸಂದು ಅಥವಾ ಉಂಗುರದ ಕಡೆ ನೋಡಬೇಕು.

ಈಚಿನ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವ ಸೆನ್ಸರ್. ಇದನ್ನು ಓಮ್ ಮೀಟರಿನಿಂದ ಅಳೆಯಬಾರದು. ಅಳತೆಗೆ ಅರ್ಥವಿಲ್ಲ ಎಂಬುದಷ್ಟೇ ಅಲ್ಲ, ಚಿಪ್ಪಿಗೂ ಪೆಟ್ಟಾಗಬಹುದು. ಕಪ್ಲರ್ ಬಿಚ್ಚಿ, ಕೀಲಿಯನ್ನು ಆನ್ ಮಾಡಿ, ಯೂನಿಟ್ಟಿನಿಂದ ಬರುವ ಬದಿಯ ಎರಡು ಪಿನ್ನುಗಳ ನಡುವೆ ಡಿಸಿ ವೋಲ್ಟ್ ನೋಡಬೇಕು. ಹಲವು ಕಾರುಗಳಲ್ಲಿ ಅದು ಬ್ಯಾಟರಿಯ ವೋಲ್ಟಿಗೆ ಹತ್ತಿರವಿರುತ್ತದೆ. ಒಮ್ಮೆ ದೋಷ ಕಂಡರೆ ಕೆಲವು ಯೂನಿಟ್‌ಗಳು ಆ ಪೂರೈಕೆಯನ್ನೇ ನಿಲ್ಲಿಸಿಬಿಡುವುದರಿಂದ, ಸೊನ್ನೆ ಬಂದರೆ ಕೀಲಿಯನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ ತಕ್ಷಣ ನೋಡಬೇಕು. ಆಗಲೂ ಸೊನ್ನೆಯಿದ್ದರೆ ವೈರಿನ ಉಳಿದ ಭಾಗವನ್ನು ಯೂನಿಟ್ಟಿನವರೆಗೆ ಪರೀಕ್ಷಿಸಬೇಕು. ಪೂರೈಕೆ ಇದ್ದರೆ ಮೀಟರನ್ನು ಮಿಲಿ ಆಂಪಿಯರಿಗಿಟ್ಟು ಒಂದು ವೈರಿನ ಸಾಲಿನಲ್ಲಿ ಸೇರಿಸಿ, ಚಕ್ರವನ್ನು ಅತಿ ನಿಧಾನವಾಗಿ ತಿರುಗಿಸಬೇಕು. ಅಂಕಿ ಸುಮಾರು 7 ಮತ್ತು 14ರ ನಡುವೆ ಪಟಪಟನೆ ಬದಲಾದರೆ ಸೆನ್ಸರ್ ಮತ್ತು ಉಂಗುರ ಎರಡೂ ಜೀವಂತವಾಗಿವೆ. ಒಂದೇ ಕಡೆ ನಿಂತುಬಿಟ್ಟರೆ ಎರಡರಲ್ಲೊಂದು ಸತ್ತಿದೆ.

ಆ ಎರಡರಲ್ಲಿ ಯಾವುದೆಂದು ತೀರ್ಮಾನಿಸುವ ಮುನ್ನ ಕಾರಿನವರನ್ನು ಒಂದು ಪ್ರಶ್ನೆ ಕೇಳಬೇಕು: ಇತ್ತೀಚೆಗೆ ಬೇರಿಂಗ್ ಬದಲಾಯಿಸಿದ್ದೀರಾ? ಆಯಸ್ಕಾಂತದ ಪಟ್ಟಿ ಬೇರಿಂಗಿನ ಒಂದು ಮುಖದಲ್ಲಿ ಮಾತ್ರ ಇರುತ್ತದೆ. ಗೊತ್ತಿಲ್ಲದೆ ಅದನ್ನು ತಿರುಗುಮುರುಗಾಗಿ ಒತ್ತಿ ಕೂರಿಸಿದರೆ ಚಕ್ರ ಸೊಗಸಾಗಿ ತಿರುಗುತ್ತದೆ, ಸದ್ದೂ ಇರುವುದಿಲ್ಲ, ಸೆನ್ಸರಿಗೆ ಮಾತ್ರ ಏನೂ ಕಾಣುವುದಿಲ್ಲ. ಹೊಸ ಬೇರಿಂಗನ್ನು ಕೂರಿಸುವ ಮೊದಲು ಒಂದು ಚಿಕ್ಕ ಕಾಗದದ ಪಿನ್ನನ್ನು ಎರಡೂ ಮುಖಗಳ ಸೀಲಿಗೆ ಹಿಡಿದು ನೋಡಬೇಕು. ಮೆಲ್ಲಗೆ ಅಂಟುವ ಮುಖ ಸೆನ್ಸರಿನ ಕಡೆಗಿರಬೇಕು. ಆಯಸ್ಕಾಂತವಿರುವ ಉಪಕರಣಗಳನ್ನು ಅದರ ಹತ್ತಿರ ತರಬಾರದು, ಸುತ್ತಿಗೆಯಿಂದ ಬಡಿಯಲೂಬಾರದು.

ಎಲ್ಲ ಸರಿಯಿದ್ದೂ ಒಂದು ಚಕ್ರದ ವೇಗ ಸದಾ ತುಸು ಹೆಚ್ಚಾಗಿ ಕಂಡರೆ ಟೈರುಗಳ ಅಳತೆಯನ್ನು ಓದಿ ನೋಡಬೇಕು. ಚಿಕ್ಕ ಸ್ಟೆಪ್ನಿ ಹಾಕಿಕೊಂಡೇ ತಿಂಗಳುಗಟ್ಟಲೆ ಓಡಾಡುವವರಿದ್ದಾರೆ.

ಒಂದೇ ಚಕ್ರವಲ್ಲದಿದ್ದರೆ

ನಾಲ್ಕೂ ಚಕ್ರಗಳ ಕೋಡ್ ಒಟ್ಟಿಗೆ ಬಂದರೆ, ಅಥವಾ ಸ್ಕ್ಯಾನರಿಗೆ ಯೂನಿಟ್ಟೇ ಸಿಗದೆ ಬೇರೆ ಯೂನಿಟ್‌ಗಳಲ್ಲಿ ಯು 0121 ಎಂಬ ಕೋಡ್ ಕಂಡರೆ, ಚಕ್ರಗಳನ್ನು ಬಿಚ್ಚುವ ಅಗತ್ಯವಿಲ್ಲ. ಯೂನಿಟ್ಟಿಗೆ ವಿದ್ಯುತ್ ತಲುಪುತ್ತಿದೆಯೇ ಎಂದು ಮೊದಲು ನೋಡಬೇಕು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.5ರಿಂದ 14.7 ವೋಲ್ಟ್ ಇರಬೇಕು. ಮುಪ್ಪಾದ ಬ್ಯಾಟರಿಯ ಕಾರಿನಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ದೀಪ ಹೊತ್ತಿ ಆಮೇಲೆ ಆರುವುದುಂಟು. ಎಬಿಎಸ್‌ಗೆ ಸಾಮಾನ್ಯವಾಗಿ ಪಂಪಿಗೊಂದು, ವಾಲ್ವುಗಳಿಗೊಂದು ದೊಡ್ಡ ಫ್ಯೂಸ್, ಜೊತೆಗೆ ಕೀಲಿಯಿಂದ ಬರುವ ಚಿಕ್ಕ ಫ್ಯೂಸ್ ಇರುತ್ತವೆ. ಫ್ಯೂಸನ್ನು ಕಣ್ಣಿನಿಂದ ನೋಡಿ ಬಿಡದೆ ಎರಡೂ ಬದಿಯಲ್ಲಿ ವೋಲ್ಟ್ ಅಳೆಯಬೇಕು. ಯೂನಿಟ್ಟಿನ ಅರ್ಥ್ ವೈರನ್ನು ಬಾಡಿಗೆ ಬಿಗಿದಿರುವ ಬೋಲ್ಟಿನ ಕೆಳಗೆ ತುಕ್ಕಿದ್ದರೂ ಪಂಪು ತಿರುಗುವ ಕ್ಷಣದಲ್ಲಿ ಮಾತ್ರ ವೋಲ್ಟ್ ಕುಸಿಯುತ್ತದೆ, ಆಗ ಪಂಪಿನ ಕೋಡ್ ಬರುತ್ತದೆ. ಬೋಲ್ಟ್ ಬಿಚ್ಚಿ, ಎಮರಿ ಕಾಗದದಿಂದ ಉಜ್ಜಿ ಬಿಗಿದಿದ್ದರಿಂದಲೇ ಬದುಕಿಕೊಂಡ ಯೂನಿಟ್‌ಗಳು ಕಡಿಮೆಯಲ್ಲ.

ಪೂರೈಕೆ, ಅರ್ಥ್, ಚಕ್ರದ ಸರ್ಕ್ಯೂಟುಗಳು ಎಲ್ಲವೂ ಅಳತೆಯಲ್ಲಿ ಸರಿಯೆಂದು ಬಂದು, ಆದರೂ ಅದೇ ಕೋಡ್ ಮರುಕಳಿಸಿದರೆ ಆಗ ಮಾತ್ರ ಯೂನಿಟ್ಟಿನ ಮೇಲೆ ಅನುಮಾನ ಪಡಬೇಕು. ಅದರ ದೊಡ್ಡ ಕಪ್ಲರ್ ಬಿಚ್ಚಿದಾಗ ಒಳಗೆ ನೀರೋ ಬ್ರೇಕ್ ಆಯಿಲೋ ಕಂಡರೆ ಅನುಮಾನ ಬಲವಾಯಿತು. ಯೂನಿಟ್ ಬದಲಾಯಿಸಿದಲ್ಲಿ ಆಯಾ ಕಾರಿಗೆ ಕೋಡಿಂಗ್ ಮಾಡಿಸಬೇಕಾಗುತ್ತದೆ, ಹಾಗೂ ಅದರೊಳಗಿನ ಗಾಳಿ ಹೊರಹೋಗಲು ಬಹಳಷ್ಟು ಕಾರುಗಳಲ್ಲಿ ಸ್ಕ್ಯಾನರಿನಿಂದ ಪಂಪು ಮತ್ತು ವಾಲ್ವುಗಳನ್ನು ಓಡಿಸಿಯೇ ಬ್ಲೀಡಿಂಗ್ ಮಾಡಬೇಕು. ಇದನ್ನು ಬಿಟ್ಟರೆ ಪೆಡಲ್ ಮೆತ್ತಗಾಗಿಯೇ ಉಳಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡು ವಾಲ್ವುಗಳಿಗೆ ಒಳಗಿನಿಂದ ತುಕ್ಕು ಹಿಡಿಸುವುದರಿಂದ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸುವ ಖರ್ಚು ಯೂನಿಟ್ಟಿನ ಬೆಲೆಯ ಮುಂದೆ ಏನೂ ಅಲ್ಲ.

ದುರಸ್ತಿ ಮುಗಿದ ಮೇಲೆ ಕೋಡುಗಳನ್ನು ಅಳಿಸಿ ಕಾರನ್ನು ಓಡಿಸಬೇಕು. ಕೆಲವು ಕಾರುಗಳಲ್ಲಿ ವೇಗ ಗಂಟೆಗೆ 20 ಕಿಲೋಮೀಟರ್ ದಾಟಿ ಯೂನಿಟ್ ತನ್ನನ್ನು ತಾನು ಪರೀಕ್ಷಿಸಿಕೊಳ್ಳುವವರೆಗೆ ದೀಪ ಆರುವುದಿಲ್ಲ. ಆ ಹೊತ್ತಿನಲ್ಲಿ ಬಾನೆಟ್ಟಿನ ಕಡೆಯಿಂದ ಪಂಪು ಒಮ್ಮೆ ಗುರ್ ಎನ್ನುವುದು ಸಹಜ. ದೀಪ ಆರಿದ ನಂತರ ನಾಲ್ಕೂ ಚಕ್ರಗಳ ರೇಖೆಗಳನ್ನು ಮತ್ತೊಮ್ಮೆ ನೋಡಿ, ನಡಿಗೆಯ ವೇಗದಿಂದ 40 ಕಿಲೋಮೀಟರಿನವರೆಗೆ ಅವು ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿವೆ ಎಂದು ಖಚಿತವಾದ ಮೇಲೆ, ಹಿಂದೆ ಮುಂದೆ ಯಾರೂ ಇಲ್ಲದ ಒದ್ದೆ ಜಾಗದಲ್ಲಿ 30ರ ವೇಗದಿಂದ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಬೇಕು. ಪೆಡಲ್ ಅದುರಿ, ಚಕ್ರಗಳು ಕಚ್ಚಿಕೊಳ್ಳದೆ, ಸ್ಟೀರಿಂಗ್ ತಿರುಗಿಸಿದ ಕಡೆಗೆ ಕಾರು ಹೋದರೆ ಮಾಲೀಕರಿಗೆ ಕೀಲಿ ಕೊಡಬಹುದು.